ಕೆಲ್ವಿನ್ ಪಾಸ್ಕೊನ ಮುತ್ತಜ್ಜನೂ ಮೂರನೇ ಮಹಡಿಯೂ

ಟಲ್ಲಾಬಿನ್ ಊರಿಗೆ ಕಲೆಯ ಪರಿಚಯವೇ ಇರಲಿಲ್ಲವೆಂದರೆ ಅನ್ಯಾಯವಾದೀತು. ಇತ್ತು. ಅದು ಬಿಳಿ ಪ್ಯಾಂಟಿನ ಮೇಲೆ ಬೀಳುವ ಟೊಮೇಟೊ ಸಾಸಿನ ಕಲೆ. ಪ್ರತಿ ಗುರುವಾರ ನಮ್ಮ ಬೌಲ್ಸ್ ಕ್ಲಬ್ಬಿನ ಕತ್ತರಿಸಿದ ಹುಲ್ಲಿನ ಮೇಲೆ ನಾವು ಮೂವತ್ತೊಂದು ಜನ ಅಡಿಯಿಂದ ಮುಡಿಯವರೆಗೆ ಬಿಳಿ ತೊಟ್ಟು, ಕಪ್ಪು ಚೆಂಡುಗಳನ್ನು ಉರುಳಿಸಿ, ಅವು ಬೇಕಾದ ಕಡೆ ಬಿಟ್ಟು ಬೇರೆಲ್ಲ ಕಡೆ ನಿಲ್ಲುವುದನ್ನು ನೋಡಿ, ಆಮೇಲೆ ಸಾಸೇಜು ತಿಂದು, ಆ ಕಲೆಯನ್ನು ಮನೆಗೆ ಒಯ್ಯುತ್ತಿದ್ದೆವು. ಅದನ್ನು ತೆಗೆಯುವ ವಿಷಯದಲ್ಲಿ ಊರು ಎರಡು ಪಂಥವಾಗಿತ್ತು: ನಿಂಬೆಹಣ್ಣಿನವರು ಮತ್ತು ಅಡುಗೆ ಸೋಡಾದವರು. ಇವರ ನಡುವೆ ಹೆಣ್ಣು ಕೊಟ್ಟು ತರುವುದು ಕೂಡ ಕಡಿಮೆ.

ಊರಿನ ಇನ್ನೊಂದು ಸಂಗತಿಯನ್ನು ಮೊದಲೇ ಹೇಳಿಬಿಡಬೇಕು. ಟಲ್ಲಾಬಿನ್‌ನಲ್ಲಿ ಜಂಬ ಕೊಚ್ಚುವುದು ನಿಷಿದ್ಧ. ಕುಡಿದು ತೂರಾಡಬಹುದು, ಚರ್ಚಿಗೆ ಚಕ್ಕರ್ ಹೊಡೆಯಬಹುದು, ನೆರೆಯವನ ಏಣಿ ಒಯ್ದು ಆರು ವರ್ಷ ಇಟ್ಟುಕೊಳ್ಳಬಹುದು. ‘ನಾನು ಇಂಥವನು’ ಎಂದವನ ಪಕ್ಕ ಮಾತ್ರ ಯಾರೂ ಕೂರುವುದಿಲ್ಲ. ಹಾಗಂತ ನಮ್ಮಲ್ಲಿ ಹೆಮ್ಮೆಪಡುವಂಥದ್ದು ಏನೂ ನಡೆಯುವುದಿಲ್ಲವೆಂದಲ್ಲ. ನಡೆಯುತ್ತದೆ, ಅದನ್ನು ಅಲ್ಲಗಳೆದು ಹೇಳಬೇಕು. ಮೂವತ್ತು ವರ್ಷದಲ್ಲಿ ಕಾಣದಂಥ ಗೋಧಿ ಬೆಳೆದವನು ‘ಪರವಾಗಿಲ್ಲ, ಇಲಿಗಳಿಗೆ ಸಾಕು’ ಎನ್ನುತ್ತಾನೆ. ಪೋಸ್ಟಾಫೀಸಿನ ಗ್ಲೆನಿಸ್, ಮಗಳು ನ್ಯಾಯಾಧೀಶೆಯಾದಾಗ, ‘ಪಾಪ, ಅದೇನೋ ಕೋರ್ಟಲ್ಲಿ ಕೆಲಸ, ದಿನವಿಡೀ ಕೂತೇ ಇರಬೇಕಂತೆ’ ಎಂದಳು. ಆ ವಾರ ಊರಿಗೆ ಊರೇ ಅವಳ ಮನೆಗೆ ಕೇಕು ಕಳಿಸಿತು. ಹೀಗಾಗಿ ನಮ್ಮಲ್ಲಿ ಒಬ್ಬ ತನ್ನ ಬಗ್ಗೆ ‘ಹೌದು’ ಎಂದರೆ ಅದು ಸುಳ್ಳು ಅಥವಾ ತಮಾಷೆ. ‘ಇಲ್ಲ’ ಎಂದರೆ ಬಹುಶಃ ಹೌದು. ‘ಇಲ್ಲವೇ ಇಲ್ಲ’ ಎಂದರೆ ದೇವರಾಣೆಗೂ ಹೌದು.

ಈ ವ್ಯಾಕರಣ ತಾಯಿಯ ಹಾಲಿನೊಂದಿಗೆ ಕುಡಿದವನಾಗಿದ್ದೂ ಒಂದೇ ಒಂದು ಸಲ, ಅರ್ಧ ನಿಮಿಷದ ಮಟ್ಟಿಗೆ, ಮರೆತವನು ಕೆಲ್ವಿನ್ ಪಾಸ್ಕೊ. ವಯಸ್ಸು ಅರವತ್ತೊಂದು. ಕಸುಬು ನೀರಿನ ಪಂಪಿನ ರಿಪೇರಿ. ಹತ್ತೊಂಬತ್ತು ವರ್ಷದಿಂದ ಕ್ಲಬ್ಬಿನ ಕಾರ್ಯದರ್ಶಿ. ಅಂದರೆ ಕುರ್ಚಿ ಹಾಕುವವನು, ಕುರ್ಚಿ ಎತ್ತುವವನು, ನಡುವೆ ನಡವಳಿ ಬರೆಯುವವನು. ಮುಖ ಸಾಧಾರಣ, ಕಿವಿ ಅಸಾಧಾರಣ. ಜೋರು ಗಾಳಿಯಲ್ಲಿ ಉಳಿದವರು ಟೋಪಿಯನ್ನು ಕೈಯಿಂದ ಹಿಡಿದುಕೊಂಡರೆ ಕೆಲ್ವಿನ್‌ಗೆ ಆ ತೊಂದರೆ ಇರಲಿಲ್ಲ.

ಕ್ಲಬ್ಬಿನ ಗೋಡೆಯ ಮೇಲೆ ಆಜೀವ ಸದಸ್ಯರ ಫಲಕವಿದೆ. ಹೊಳಪು ಕೊಟ್ಟ ಮರ, ಅದರ ಮೇಲೆ ಚಿನ್ನದ ಬಣ್ಣದ ಅಕ್ಷರಗಳಲ್ಲಿ ಆರು ಹೆಸರು. ಆರರಲ್ಲಿ ಐವರು ಸತ್ತಿದ್ದಾರೆ. ಆರನೆಯವರು ನಮ್ಮ ಅಧ್ಯಕ್ಷೆ ಬೆರಿಲ್ ಓಟ್ಸ್. ಎಪ್ಪತ್ತೆಂಟಾಗಿದ್ದರೂ ಅವರಿಗೆ ಸಾಯುವ ಉದ್ದೇಶವಿಲ್ಲ. ಡಿಸೆಂಬರಿನ ವಾರ್ಷಿಕ ಸಭೆಯಲ್ಲಿ ಏಳನೆಯ ಹೆಸರು ಕೆಲ್ವಿನ್‌ನದು ಎಂದು ಬೆರಿಲ್ ಸೂಚನೆ ಕೊಟ್ಟಿದ್ದರು. ಸೂಚನೆಯೆಂದರೆ, “ನಿನ್ನ ಹೆಸರಿಗೆ ಒಟ್ಟು ಎಷ್ಟು ಅಕ್ಷರ ಕಣಪ್ಪ?” ಎಂದು ಕೇಳಿದ್ದರು. ಅಂದಿನಿಂದ ಕೆಲ್ವಿನ್ ಫಲಕದ ಧೂಳು ಒರೆಸುವಾಗ ಆರನೇ ಹೆಸರಿನ ಕೆಳಗಿನ ಖಾಲಿ ಜಾಗವನ್ನು ಹೆಬ್ಬೆರಳಿನಿಂದ ಅಳೆಯುವುದನ್ನು ನಾನೇ ನೋಡಿದ್ದೇನೆ. ನಾನು ಕ್ಲಬ್ಬಿನ ಚಹಾ ಉಸ್ತುವಾರಿ. ಚಹಾದವನು ಎಲ್ಲವನ್ನೂ ನೋಡುತ್ತಾನೆ, ಎಲ್ಲವನ್ನೂ ಕೇಳಿಸಿಕೊಳ್ಳುತ್ತಾನೆ. ಅವನನ್ನು ಮಾತ್ರ ‘ಸಕ್ಕರೆ ಎಲ್ಲಿ’ ಎಂಬುದರ ಹೊರತು ಬೇರೇನೂ ಯಾರೂ ಕೇಳುವುದಿಲ್ಲ.

ಅಕ್ಟೋಬರಿನ ಎರಡನೇ ಗುರುವಾರ ಬೆರಿಲ್ ಒಂದು ಬಿಸ್ಕತ್ತಿನ ಡಬ್ಬಿ ತಂದರು. ಮುಚ್ಚಳದ ಮೇಲೊಂದು ಹಳೆಯ ವರ್ಣಚಿತ್ರ, ‘ಹೊಳೆ ದಾಟುವ ಮಂದೆ’. ಮೂಲ ಚಿತ್ರ ಮೆಲ್ಬರ್ನಿನ ದೊಡ್ಡ ಕಲಾ ಸಂಗ್ರಹಾಲಯದಲ್ಲಿದೆ ಎಂದು ತಳದಲ್ಲಿ ಅಚ್ಚಾಗಿತ್ತು. ನೂರಾರು ಕುರಿಗಳು ಈಜುತ್ತಿವೆ, ಧೂಳು ಎದ್ದಿದೆ, ಎಡಗಡೆ ಬೂದು ಬಣ್ಣದ ಕುದುರೆಯ ಮೇಲೆ ಒಬ್ಬ ಮನುಷ್ಯ. ಟೋಪಿ ಹಿಂದಕ್ಕೆ ಸರಿದಿದೆ. ಅವನ ಕಿವಿಗಳು ಬಾಗಿಲು ತೆರೆದ ಹಾಗೆ ನಿಂತಿವೆ.

ಮೊದಲು ನೋಡಿದವನು ಅರ್ನಿ ನೋಸ್ಕೆ. ಊರಿನ ಕಟುಕ, ಕ್ಲಬ್ಬಿನ ಬಸ್ಸಿಗೆ ಚಾಲಕ, ಎಲ್ಲರ ಕಾಲನ್ನೂ ಎಳೆಯುವವ.

“ಕೆಲ್ವ್, ಬಾ ಇಲ್ಲಿ. ನಿನ್ನ ಕಿವಿ ಕದ್ದೋನು ಸಿಕ್ಕಿದಾನೆ.”

ಉಳಿದವರು ನಕ್ಕರು. ಕೆಲ್ವಿನ್ ಕೂಡ ನಕ್ಕಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಆ ಮಧ್ಯಾಹ್ನ ಅವನು ಫಲಕ ಒರೆಸಿ ಬಂದಿದ್ದ. ಚಿನ್ನದ ಅಕ್ಷರದ ಅಮಲು ಇನ್ನೂ ಇಳಿದಿರಲಿಲ್ಲ. ನಾಲಿಗೆಯ ಮೇಲೆ ಶನಿ ಕೂತ.

“ಅದು ನಮ್ಮ ಮುತ್ತಜ್ಜ,” ಎಂದ.

ಯಾರೂ ನಂಬಲಿಲ್ಲ. ಒಬ್ಬ ವಯಸ್ಕ ಮನುಷ್ಯ ಎಲ್ಲರೆದುರು ಪ್ಯಾಂಟು ಕಳಚಿದ ಹಾಗಾಗಿತ್ತು. ಗ್ಲೆನಿಸ್ ಕಿಟಕಿಯಾಚೆ ನೋಡತೊಡಗಿದಳು. ಅರ್ನಿ ಗಂಟಲು ಸರಿಮಾಡಿಕೊಂಡ.

“ಹೌದಪ್ಪ. ಕುರಿಗಳ ಪೈಕಿ ಮೂರನೇದು ನಮ್ಮಜ್ಜಿ.”

ಕೆಲ್ವಿನ್‌ನ ಕಿವಿಗಳು ಕೆಂಪಾದವು. ಆ ಗಾತ್ರದ ಕಿವಿ ಕೆಂಪಾದರೆ ಕೋಣೆಯ ಬೆಳಕೇ ಬದಲಾಗುತ್ತದೆ. ತಪ್ಪು ಅರಿವಾಗಿ ತಕ್ಷಣ ವಾಪಸ್ ತೆಗೆದುಕೊಂಡ.

“ಇಲ್ಲ ಬಿಡ್ರಪ್ಪ, ಸುಮ್ನೆ ಅಂದೆ. ನಮ್ಮೋನಲ್ಲ. ಯಾರೋ ಏನೋ.”

ಬೆರಿಲ್ ಕಪ್ಪನ್ನು ತಟ್ಟೆಯ ಮೇಲಿಟ್ಟರು. ಡಬ್ಬಿ ಎತ್ತಿಕೊಂಡು ಒಮ್ಮೆ ಕುದುರೆ ಸವಾರನನ್ನು, ಒಮ್ಮೆ ಕೆಲ್ವಿನ್‌ನನ್ನು, ಮತ್ತೊಮ್ಮೆ ಸವಾರನನ್ನು ನೋಡಿದರು.

“ಹತ್ತೊಂಬತ್ತು ವರ್ಷ,” ಎಂದರು ನಿಧಾನವಾಗಿ. “ಹತ್ತೊಂಬತ್ತು ವರ್ಷ ನಮ್ಮ ಕುರ್ಚಿ ಎತ್ತಿದಾನೆ. ಒಂದು ಮಾತು ಆಡಿಲ್ಲ.”

“ಬೆರಿಲ್, ನಿಜವಾಗ್ಲೂ ಅಲ್ಲ,” ಎಂದ ಕೆಲ್ವಿನ್.

“ಆಯ್ತು ಕಣಪ್ಪ, ಆಯ್ತು. ಅಲ್ಲ.” ಹೀಗೆಂದು ಬೆರಿಲ್ ಅವನ ಕೈ ತಟ್ಟಿದರು. ಅರ್ನಿ ಯಾರಿಗೂ ಕಾಣಬಾರದೆಂಬಂತೆ ಬಿಸ್ಕತ್ತಿನ ತಟ್ಟೆಯನ್ನು ಕೆಲ್ವಿನ್ ಕಡೆ ತಳ್ಳಿದ. ಅರ್ನಿ ತಟ್ಟೆಯನ್ನು ತನ್ನಿಂದಾಚೆ ತಳ್ಳಿದ್ದನ್ನು ಊರು ಕಂಡಿದ್ದು ಅದೇ ಮೊದಲು.

ಮುಂದಿನ ಗುರುವಾರ ಬೆರಿಲ್ ಠರಾವು ಮಂಡಿಸಿದರು. ಕ್ಲಬ್ಬಿನ ವಾರ್ಷಿಕ ಪ್ರವಾಸ ಹನ್ನೊಂದು ವರ್ಷದಿಂದ ಒಂದೇ ಅಣೆಕಟ್ಟಿಗೆ ಹೋಗುತ್ತಿದೆ. ಅಣೆಕಟ್ಟಿನಲ್ಲಿ ಏಳು ವರ್ಷದಿಂದ ನೀರಿಲ್ಲ. ಈ ಸಲ ಮೆಲ್ಬರ್ನಿನ ಕಲಾ ಸಂಗ್ರಹಾಲಯಕ್ಕೆ ಹೋಗಿ ‘ಒಂದು ಚಿತ್ರ’ವನ್ನು ನೋಡತಕ್ಕದ್ದು. ಯಾವ ಚಿತ್ರವೆಂದು ಯಾರೂ ಬಾಯಿಬಿಡಲಿಲ್ಲ. ಕೆಲ್ವಿನ್‌ಗೆ ಮುಜುಗರವಾದೀತೆಂಬ ಕಾಳಜಿ. ಎಲ್ಲರೂ ಅವನನ್ನು ನೋಡದೇ ಇರಲು ಒಟ್ಟಾಗಿ ಸೀಲಿಂಗಿನ ಫ್ಯಾನನ್ನು ನೋಡಿದರು. ಪ್ರವಾಸದ ಏರ್ಪಾಡು, ಪದ್ಧತಿಯಂತೆ, ಕಾರ್ಯದರ್ಶಿಯದು.

ಕೆಲ್ವಿನ್ ಹೋರಾಡದೆ ಇರಲಿಲ್ಲ.

“ನಾಲ್ಕು ಗಂಟೆ ದಾರಿ,” ಎಂದ.

“ಕುರಿ ಹೊಡ್ಕೊಂಡು ಅವರು ನಾಲ್ಕು ತಿಂಗಳು ನಡೆದ್ರು,” ಎಂದಳು ಗ್ಲೆನಿಸ್, ಫ್ಯಾನಿಗೆ.

“ಅಲ್ಲಿ ಮೆಟ್ಟಿಲು ಜಾಸ್ತಿ.”

“ಹೊಳೆಗೆ ಮೆಟ್ಟಿಲೇ ಇರಲಿಲ್ಲ.”

“ಬಸ್ ನಿಲ್ಸೋಕೆ ಜಾಗ ಸಿಗಲ್ಲ.”

“ಕೆಲ್ವ್,” ಎಂದ ಅರ್ನಿ, “ನಾನು ಕುರಿ ಸಾಗಿಸೋ ಲಾರೀನ ಆ ಪಟ್ಟಣದಲ್ಲಿ ಶುಕ್ರವಾರ ಸಂಜೆ ನಿಲ್ಸಿದೀನಿ. ನಿನ್ನ ಸಂಕೋಚ ನಂಗೆ ಅರ್ಥ ಆಗುತ್ತೆ. ಆದ್ರೆ ಬಸ್ಸಿನ ಮೇಲೆ ಹಾಕ್ಬೇಡ.”

ಕ್ಲಬ್ಬಿನ ಫೋನು ನನ್ನ ಚಹಾ ಪಾತ್ರೆಯ ಪಕ್ಕದಲ್ಲಿದೆ. ಹಿಂದಿನ ಅಧ್ಯಕ್ಷರಿಗೆ ಕಿವಿ ಮಂದವಿದ್ದ ಕಾಲದಲ್ಲಿ ತಂದ ಯಂತ್ರವಾದ್ದರಿಂದ ಆ ಕಡೆಯ ಮಾತು ಇಡೀ ಅಡುಗೆಕೋಣೆಗೆ ಕೇಳುತ್ತದೆ. ಸಂಗ್ರಹಾಲಯದ ಗುಂಪು ಭೇಟಿ ವಿಭಾಗದವಳು ಮಾತಾಡಿದಳು. ಚಿಕ್ಕ ವಯಸ್ಸಿನ ಧ್ವನಿ. ಆಕೆಯ ಪ್ರತಿ ವಾಕ್ಯವೂ ಕೊನೆಗೆ ಬರುವ ಹೊತ್ತಿಗೆ ಪ್ರಶ್ನೆಯ ಹಾಗೆ ಒಂದು ಮೆಟ್ಟಿಲು ಹತ್ತಿ ನಿಲ್ಲುತ್ತಿತ್ತು.

“ನಮಸ್ಕಾರ? ನಾನು ಇಮೋಜೆನ್? ಗುಂಪು ಭೇಟಿ?”

“ನೀವು ಇಮೋಜೆನ್ ಹೌದೋ ಅಲ್ವೋ ನಂಗೆ ಹೆಂಗಮ್ಮ ಗೊತ್ತಾಗ್ಬೇಕು,” ಎಂದ ಕೆಲ್ವಿನ್.

“ನಾನು ಇಮೋಜೆನ್ನೇ? ದೊಡ್ಡ ಚೀಲ ತರೋ ಹಾಗಿಲ್ಲ? ಕೊಡೆ ಇಲ್ಲ? ಐಸ್ ಪೆಟ್ಟಿಗೆ ಅಂತೂ ಇಲ್ಲವೇ ಇಲ್ಲ?”

ಐಸ್ ಪೆಟ್ಟಿಗೆ ಇಲ್ಲವೆಂದರೆ ಬಿಯರು ಇಲ್ಲ. ಪ್ರವಾಸವೇ ರದ್ದಾದೀತೆಂದು ಕೆಲ್ವಿನ್‌ನ ಮುಖದಲ್ಲಿ ಒಂದು ಕ್ಷಣ ಬೆಳಕು ಮೂಡಿತು. ಆಮೇಲೆ ಅವನು ಬಾಗಿಲ ಕಡೆ ನೋಡಿ, ನನ್ನನ್ನು ನೋಡಿ, ನಾನು ಚಹಾದವನೆಂದು ಸಮಾಧಾನಪಟ್ಟುಕೊಂಡು, ಧ್ವನಿ ತಗ್ಗಿಸಿದ.

“ಅಮ್ಮಾ, ಆ ಹೊಳೆ ದಾಟೋ ಕುರಿ ಚಿತ್ರ ಇದೆಯಲ್ಲ. ಬೂದು ಕುದುರೆ ಮೇಲಿರೋನು ಯಾರು ಅಂತ ಎಲ್ಲಾದ್ರೂ ಬರ್ದಿದೆಯಾ?”

“ಪಕ್ಕದ ಚೀಟೀಲೇ ಇದೆ? ಜೆರಮಾಯ ಕ್ವಿಲ್? ಮಂದೆಯವರ ಅಡುಗೆಯವನು? ಮದುವೆ ಆಗಲಿಲ್ಲ? ಮಕ್ಕಳಿಲ್ಲ?”

“ಒಂದೂ ಇಲ್ವಾ?”

“ಕಲಾವಿದನ ಕಾಗದಗಳಲ್ಲಿ ಇದೆ? ಮಗು ಅತ್ರೆ ಸಾಕು, ಕುದುರೆ ಹತ್ತಿ ಹೋಗ್ಬಿಡ್ತಿದ್ನಂತೆ?”

ಕೆಲ್ವಿನ್ ಫೋನು ಇಟ್ಟ. ಚಹಾ ಬೇಕೇ ಎಂದು ಕೇಳಿದೆ. ನಾಲ್ಕು ಚಮಚ ಸಕ್ಕರೆ ಹಾಕಿಕೊಂಡ. ಅವನಿಗೆ ಸಕ್ಕರೆ ಕಾಯಿಲೆ.

ಆಮೇಲಿನ ಎರಡು ವಾರ ಕೆಲ್ವಿನ್ ತಯಾರಿಸಿದ ವೇಳಾಪಟ್ಟಿಯಷ್ಟು ಪರಿಶ್ರಮದ ಕೆಲಸ ನಮ್ಮ ಕ್ಲಬ್ಬಿನ ಇತಿಹಾಸದಲ್ಲಿ ಇನ್ನೊಂದಿಲ್ಲ. ಸಂಗ್ರಹಾಲಯದ ನಕ್ಷೆ ತರಿಸಿಕೊಂಡ. ಆ ಚಿತ್ರ ಮೂರನೇ ಮಹಡಿಯಲ್ಲಿದೆ ಎಂದು ತಿಳಿದುಕೊಂಡು, ಮೂವತ್ತೊಂದು ಜನರನ್ನು ಮೂರನೇ ಮಹಡಿಗೆ ಹೋಗದಂತೆ ತಡೆಯುವ ಒಂದು ದಿನವನ್ನು ಹೆಣೆದ. ಹತ್ತಕ್ಕೆ ಬಸ್ಸಿಳಿಯುವುದು. ಹತ್ತೂವರೆವರೆಗೆ ಟೋಪಿಗಳ ಎಣಿಕೆ. ಹನ್ನೊಂದೂಕಾಲಿನವರೆಗೆ ಶೌಚಾಲಯ, ಮಹಿಳೆಯರು ಮೊದಲು. ಅಲ್ಲಿಂದ ಹನ್ನೆರಡೂವರೆವರೆಗೆ ನೆಲಮಹಡಿಯ ಹಳೆಯ ಚೀನೀ ಹೂಜಿಗಳು, ಒಂದೊಂದಕ್ಕೂ ಮೂರು ನಿಮಿಷ. ಊಟ. ಊಟದ ಮೇಲೆ ಮತ್ತೆ ಶೌಚಾಲಯ. ಬಳಿಕ ಅಂಗಡಿಯಲ್ಲಿ ಪಾತ್ರೆ ಒರೆಸುವ ಬಟ್ಟೆ ಕೊಳ್ಳುವುದು. ಎರಡು ಗಂಟೆ ಐವತ್ತೈದು ನಿಮಿಷ: ‘ಮೂರನೇ ಮಹಡಿ, ಸಮಯ ಉಳಿದಲ್ಲಿ.’ ಮೂರಕ್ಕೆ ಬಸ್ಸು.

ಬೆರಿಲ್ ಕನ್ನಡಕ ಏರಿಸಿ ಪಟ್ಟಿಯನ್ನು ಓದಿದರು. ಕೊನೆಗೆ ಐದು ನಿಮಿಷದ ಮೂರನೇ ಮಹಡಿಯ ಹತ್ತಿರ ಬೆರಳಿಟ್ಟರು.

“ತನ್ನ ಮನೆಯೋರಿಗೆ ಐದು ನಿಮಿಷ,” ಎಂದರು ಗ್ಲೆನಿಸ್‌ಗೆ. “ಹೂಜಿಗೆ ಒಂದೂಕಾಲು ಗಂಟೆ. ಇಂಥೋರು ಈಗ ಹುಟ್ಟಲ್ಲ.”

ಇದರ ಜೊತೆಗೆ ಸಂಗ್ರಹಾಲಯದ ಅರ್ಜಿ ನಮೂನೆ. ಅದರಲ್ಲೊಂದು ಪ್ರಶ್ನೆ: ‘ನಿಮ್ಮ ಗುಂಪಿನ ಯಾರಿಗಾದರೂ ಯಾವುದಾದರೂ ಕೃತಿಯೊಂದಿಗೆ ವಿಶೇಷ ಸಂಬಂಧವಿದೆಯೇ?’ ಕೆಲ್ವಿನ್ ‘ಇಲ್ಲ’ ಎಂದು ಬರೆದು, ಸಾಲದೆನಿಸಿ ‘ಖಂಡಿತ ಇಲ್ಲ’ ಎಂದು ಸೇರಿಸಿ, ಕೆಳಗೆ ಎರಡು ಗೆರೆ ಎಳೆದಿದ್ದ. ಆ ಎರಡು ಗೆರೆ ನೋಡಿದ್ದೇ ಬೆರಿಲ್ ಕರವಸ್ತ್ರ ತೆಗೆದರು. ಕೆಲ್ವಿನ್ ಪಂಪು ರಿಪೇರಿಗೆ ಹೋದ ಹೊತ್ತು ನೋಡಿ ತಾವೇ ಇಮೋಜೆನ್‌ಗೆ ಫೋನು ಮಾಡಿದರು. ಏನು ಮಾತಾಡಿದರೆಂದು ನನಗೆ ತಿಳಿಯಲಿಲ್ಲ. ನನ್ನನ್ನು ಹಾಲು ತರಲು ಕಳಿಸಿದ್ದರು. ನಮ್ಮ ಊರಿನಲ್ಲಿ ಒಳ್ಳೆಯ ಕೆಲಸ ಮಾಡುವಾಗ ಸಾಕ್ಷಿ ಇರಬಾರದು.

ಕೆಲ್ವಿನ್ ಇನ್ನೂ ಎರಡು ಸಲ ಇಮೋಜೆನ್‌ಗೆ ಫೋನು ಮಾಡಿದ. ಎರಡನೇ ಸಲ, ಆ ಚೀಟಿಯನ್ನು ಒಂದು ದಿನದ ಮಟ್ಟಿಗೆ ಹೇಗಾದರೂ ಮುಚ್ಚಿಡಲು ಸಾಧ್ಯವೇ ಎಂದು. ಮೂರನೇ ಸಲ, ಚಿತ್ರವನ್ನೇ ತೆಗೆದು ತೊಳೆಯಲು ಕಳಿಸಬಹುದೇ, ನಿಂಬೆಹಣ್ಣು ಒಳ್ಳೆಯದು ಎಂದು. ಆಕೆ ಎರಡಕ್ಕೂ “ಇಲ್ಲ?” ಎಂದಳು. ಅದರಲ್ಲಿ ಕೆಲ್ವಿನ್ ಒಂದಿಷ್ಟು ಆಸೆ ಕಂಡ, ಇರಲಿಲ್ಲ.

ಮನೆಯಲ್ಲಿ ಹೆಂಡತಿ ನೋಲೀನ್ ಬಿಸ್ಕತ್ತಿನ ಮುಚ್ಚಳಕ್ಕೆ ಚೌಕಟ್ಟು ಹಾಕಿಸಿ, ತನ್ನ ತಂದೆಯ ಫೋಟೊ ಇಳಿಸಿ, ಆ ಮೊಳೆಗೆ ತೂಗುಹಾಕಿದ್ದಳು. ಕೆಲ್ವಿನ್ ಅವಳೆದುರು ಎಲ್ಲವನ್ನೂ ಒಪ್ಪಿಕೊಂಡನಂತೆ. ಮರುದಿನ ಅಂಗಡಿಯಲ್ಲಿ ಅವಳೇ ಹೇಳಿದಳು: “ಮೂವತ್ತಾರು ವರ್ಷ ಸಂಸಾರ ಮಾಡಿದೀನಿ. ನನ್ ಹತ್ರಾನೂ ಇಲ್ಲ ಅಂತಾನೆ.” ಅಂಗಡಿಯಲ್ಲಿದ್ದ ಎಲ್ಲ ಹೆಂಗಸರೂ ತಮ್ಮ ತಮ್ಮ ಗಂಡಂದಿರನ್ನು ನೆನೆದು ನಿಟ್ಟುಸಿರುಬಿಟ್ಟರು.

ಕೊನೆಗೆ, ಪ್ರವಾಸದ ಹಿಂದಿನ ಗುರುವಾರ, ಸಮಿತಿ ಸಭೆಯಲ್ಲಿ ಕೆಲ್ವಿನ್ ಎದ್ದು ನಿಂತ. ಕೈಯಲ್ಲಿ ಟೋಪಿ.

“ಅಧ್ಯಕ್ಷರೇ, ಒಂದು ವಿಷಯ. ಆ ಕುದುರೆ ಮೇಲಿರೋನು ನಮ್ಮ ಮುತ್ತಜ್ಜ ಅಲ್ಲ. ನಮ್ಮ ಮುತ್ತಜ್ಜ ಕುದುರೇನೇ ಹತ್ತಿದೋನಲ್ಲ. ಅವನು ತಳ್ಳುಗಾಡೀಲಿ ಸೋಪು ಮಾರ್ತಿದ್ದ. ನಾನು ಸುಳ್ಳು ಹೇಳಿದೆ.”

ಅರ್ನಿ ಕೈಯಲ್ಲಿದ್ದ ಬಿಸ್ಕತ್ತನ್ನು ತಟ್ಟೆಗೆ ವಾಪಸ್ ಇಟ್ಟ.

“ಸೋಪು,” ಎಂದ ಅರ್ನಿ. “ಇಷ್ಟು ಕೆಳಗೆ ಇಳಿಸ್ಬೇಕೇನಪ್ಪ ಆ ಮುದುಕನ್ನ?”

“ಅರ್ನಿ, ನಿಜ ಹೇಳ್ತಿದೀನಿ.”

“ನಮ್ಮಮ್ಮನೂ ಹಿಂಗೇ. ಸ್ಪಂಜ್ ಕೇಕಿಗೆ ಮೊದಲ ಬಹುಮಾನ ಬಂದಾಗ, ಒಲೆ ಕೆಟ್ಟೋಗಿತ್ತು, ತಪ್ಪಿ ಉಬ್ಬಿದೆ ಅಂತ ಅತ್ತಿದ್ಲು.”

“ಬೈಬಲ್ ತನ್ನಿ. ಮುಟ್ಟಿ ಹೇಳ್ತೀನಿ.”

ಬೆರಿಲ್ ಮೇಜಿನ ಮೇಲಿನ ಕೈ ಹಿಂದಕ್ಕೆ ತೆಗೆದುಕೊಂಡರು. “ಬೈಬಲ್ ಮುಟ್ಟಿ ಅಲ್ಲಗಳೀಬೇಕು ಅಂದ್ರೆ,” ಎಂದರು ಮೆಲ್ಲಗೆ, “ಅವನು ಬರೀ ಕುರಿ ಹೊಡೆದೋನಲ್ಲ. ಇನ್ನೂ ಏನೋ ಇದೆ.”

“ಏನೂ ಇಲ್ಲ!” ಎಂದ ಕೆಲ್ವಿನ್.

“ನೋಡಿದ್ರಾ?” ಎಂದಳು ಗ್ಲೆನಿಸ್.

ಇಷ್ಟು ಹೊತ್ತಿಗೆ ನನಗೂ ತಡೆಯಲಾಗಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಮೊದಲ ಬಾರಿಗೆ ಚಹಾದವನು ಬಾಯಿಬಿಟ್ಟ. ಫೋನಿನಲ್ಲಿ ನಾನೇ ಕೇಳಿಸಿಕೊಂಡಿದ್ದೇನೆ, ಅವನ ಹೆಸರು ಕ್ವಿಲ್ ಎಂದೆ. ಅರ್ನಿ ನನ್ನನ್ನು ಕನಿಕರದಿಂದ ನೋಡಿ, “ನಿಂಗೂ ಹೇಳ್ಕೊಟ್ಟಿದಾನಾ? ಇರ್ಲಿ, ಹೋಗಿ ಹಾಲು ಹಾಕು,” ಎಂದ.

ಸಭೆಯ ಮಾತುಗಳನ್ನು ನಡವಳಿ ಪುಸ್ತಕದಲ್ಲಿ ದಾಖಲಿಸಬೇಕೆಂದು ಬೆರಿಲ್ ಆದೇಶಿಸಿದರು. ಕಾರ್ಯದರ್ಶಿ ಕೂತು, ತನ್ನ ಕೈಯಾರೆ, ಅಧ್ಯಕ್ಷೆ ಹೇಳಿದ್ದನ್ನು ಬರೆದುಕೊಂಡ: ‘ಶ್ರೀ ಪಾಸ್ಕೊ ತಮ್ಮ ಮುತ್ತಜ್ಜನನ್ನು ಮೂರು ಬಾರಿ ಅಲ್ಲಗಳೆದರು. ಸಭೆ ಮೆಚ್ಚುಗೆ ಸೂಚಿಸಿತು.’ ಮೂರು ಬಾರಿ ಎಂದಾಗ ಲೂಥರನ್ ಚರ್ಚಿನ ಅರ್ನಿ, ಬೈಬಲಿನಲ್ಲಿ ಕೋಳಿ ಕೂಗುವ ಮೊದಲು ಗುರುವನ್ನು ಮೂರು ಬಾರಿ ಅಲ್ಲಗಳೆದ ಶಿಷ್ಯನನ್ನು ನೆನೆದು, “ಕೋಳಿ ಕೂಗಿಲ್ಲ, ಅಷ್ಟೇ,” ಎಂದು ಸೇರಿಸಿದ. ಅದನ್ನು ದಾಖಲಿಸಲಿಲ್ಲ.

ನವೆಂಬರಿನ ಮೂರನೇ ಶನಿವಾರ ಬೆಳಿಗ್ಗೆ ನಾವು ಹೊರಟೆವು. ಕ್ಲಬ್ಬಿನ ಹೆಸರಿನಲ್ಲಿ ಎಲ್ಲಿಗೇ ಹೋದರೂ ಪೂರ್ಣ ಬಿಳಿ ಉಡುಪು ಕಡ್ಡಾಯವೆಂದು ನಮ್ಮ ಹದಿನಾಲ್ಕನೇ ನಿಯಮ ಹೇಳುತ್ತದೆ. ಬಿಳಿ ಬೂಟು, ಬಿಳಿ ಪ್ಯಾಂಟು, ಬಿಳಿ ಲಂಗ, ಎದೆಗೆ ಕ್ಲಬ್ಬಿನ ಬಿಲ್ಲೆ, ಬಿಳಿ ಟೋಪಿ. ಸಂಗ್ರಹಾಲಯದ ವಿಶಾಲವಾದ ಬಿಳಿ ಗೋಡೆಯ ಮುಂದೆ ಚೀಲ ಒಪ್ಪಿಸಲು ನಾವು ಸಾಲಾಗಿ, ಅಲುಗಾಡದೆ ನಿಂತಿದ್ದಾಗ ಒಬ್ಬ ಗಂಡಸು, ಒಬ್ಬ ಹೆಂಗಸು ದೂರದಲ್ಲಿ ನಿಂತು, ನಾವೂ ಒಂದು ಕಲಾಕೃತಿಯೆಂಬಂತೆ, ಕತ್ತು ಓರೆಮಾಡಿ ನಮ್ಮನ್ನು ನೋಡಿದರು. ಆಮೇಲೆ ಇನ್ನೂ ನಾಲ್ವರು ಸೇರಿದರು. ಒಬ್ಬಾಕೆ ಅರ್ನಿಯ ಹತ್ತಿರ ಬಂದು ಪಿಸುಗುಟ್ಟಿದಳು.

“ಇದು ಎಷ್ಟು ಹೊತ್ತು ನಡೆಯುತ್ತೆ?”

“ಹನ್ನೆರಡೂವರೆವರ್ಗೂ,” ಎಂದ ಅರ್ನಿ. “ಆಮೇಲೆ ಸ್ಯಾಂಡ್‌ವಿಚ್.”

“ಇದರ ಅರ್ಥ ಏನು?”

ಅರ್ನಿ ಸಾಲನ್ನು ಒಮ್ಮೆ ಹಿಂದಿನಿಂದ ಮುಂದಿನವರೆಗೆ ನೋಡಿದ. “ಏನಿಲ್ಲಮ್ಮ. ಕಾಯ್ತಾ ಇದೀವಿ.”

ಆಕೆ ಕಣ್ಣು ಮುಚ್ಚಿ ತಲೆಯಾಡಿಸಿದಳು. ಯಾರೋ ಚಪ್ಪಾಳೆ ತಟ್ಟಿದರು.

ಕೆಲ್ವಿನ್ ವೇಳಾಪಟ್ಟಿ ಹಿಡಿದು ಟೋಪಿ ಎಣಿಸಲು ಶುರುಮಾಡಿದ್ದ. ಏಳನೇ ಟೋಪಿಗೆ ಬಂದಾಗ ಕೊರಳಿಗೆ ಗುರುತಿನ ಚೀಟಿ ಹಾಕಿದ ಹುಡುಗಿಯೊಬ್ಬಳು ಎದುರು ನಿಂತಳು.

“ಟಲ್ಲಾಬಿನ್? ನಾನು ಇಮೋಜೆನ್? ಶ್ರೀಮತಿ ಓಟ್ಸ್ ಹೇಳಿದ ಹಾಗೆ ನೇರ ಮೂರನೇ ಮಹಡಿಗೆ?”

“ಶೌಚಾಲಯ,” ಎಂದ ಕೆಲ್ವಿನ್. “ಮಹಿಳೆಯರು ಮೊದಲು.”

“ಬಸ್ಸಲ್ಲಿ ಬರ್ತಾ ನಿಲ್ಸಿದ್ದೆ,” ಎಂದ ಅರ್ನಿ.

“ಹೂಜಿಗಳು.”

“ಹೂಜಿ ಎಲ್ಲೂ ಓಡಲ್ಲ ಕಣಪ್ಪ,” ಎಂದು ಬೆರಿಲ್ ಅವನ ತೋಳು ಹಿಡಿದರು. ಲಿಫ್ಟಿನೊಳಗೆ ಅವನನ್ನು ನಡುವೆ ನಿಲ್ಲಿಸಿಕೊಂಡೆವು. ಮೆರವಣಿಗೆಯೇ ಸರಿ, ವರನಿಗೆ ಮಾತ್ರ ಓಡಿಹೋಗುವ ಮನಸ್ಸು.

ಚಿತ್ರ ನಾವಂದುಕೊಂಡದ್ದಕ್ಕಿಂತ ದೊಡ್ಡದಿತ್ತು. ಅರ್ನಿಯ ಅಂಗಡಿಯ ಬಾಗಿಲನ್ನು ಅಡ್ಡ ಮಲಗಿಸಿದಷ್ಟು. ಕುರಿಗಳ ಕಣ್ಣಲ್ಲಿ ಹೊಳೆಯ ಹೆದರಿಕೆ ಕಾಣುತ್ತಿತ್ತು. ಅರ್ನಿ ಟೋಪಿ ತೆಗೆದ, ವೃತ್ತಿಯ ಕಾರಣಕ್ಕೋ ಏನೋ. ಬೂದು ಕುದುರೆಯ ಮೇಲೆ ಅವನಿದ್ದ. ಬಿಸ್ಕತ್ತಿನ ಮುಚ್ಚಳದಲ್ಲಿ ಕಾಣದ ಒಂದು ಸಂಗತಿ ಇಲ್ಲಿ ಕಂಡಿತು: ಬಲಗಿವಿಯ ತುದಿ ಕೊಂಚ ಮಡಿಚಿತ್ತು. ಕೆಲ್ವಿನ್‌ನದೂ ಹಾಗೇ. ಮೂವತ್ತು ಜನ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ನೋಡಿದೆವು. ಕೆಲ್ವಿನ್ ಟೋಪಿಯನ್ನು ಕಿವಿಯವರೆಗೆ ಎಳೆದುಕೊಳ್ಳಲು ನೋಡಿದ. ಆ ಕಿವಿಗಳು ಟೋಪಿಗೆ ದಾರಿ ಕೊಡುವಂಥವಲ್ಲ.

ಆಗ ಇಮೋಜೆನ್ ಪಕ್ಕದ ಚೀಟಿಯನ್ನು ಗಟ್ಟಿಯಾಗಿ ಓದಿದಳು. ಓದುವಾಗ ಆಕೆಯ ವಾಕ್ಯಗಳು ಮೆಟ್ಟಿಲು ಹತ್ತಲಿಲ್ಲ.

“ಬೂದು ಕುದುರೆಯ ಸವಾರ ಜೆರಮಾಯ ಕ್ವಿಲ್, ಮಂದೆಯವರ ಅಡುಗೆಯವನು. ಅವಿವಾಹಿತ. ಸಂತಾನವಿರಲಿಲ್ಲ.”

ಕೆಲ್ವಿನ್ ಕಣ್ಣು ಮುಚ್ಚಿಕೊಂಡ. ಏಳನೇ ಹೆಸರು ಫಲಕದಿಂದ ಒಂದೊಂದೇ ಅಕ್ಷರವಾಗಿ ಉದುರುವುದು ನನಗೂ ಕಂಡ ಹಾಗಾಯಿತು. ಬೆರಿಲ್ ಮುಂದೆ ಹೋಗಿ, ಕನ್ನಡಕ ಏರಿಸಿ, ಚೀಟಿಯನ್ನು ತಾವೇ ಎರಡು ಸಲ ಓದಿದರು. ತಿರುಗಿದರು.

“ಮಗೂ,” ಎಂದರು ಇಮೋಜೆನ್‌ಗೆ, “ಇದರ ಬಗ್ಗೆ ಯಾರಾದ್ರೂ ನಿಂಗೆ ಫೋನ್ ಮಾಡಿದ್ರಾ?”

“ಹೌದು? ಶ್ರೀ ಪಾಸ್ಕೊ ಮೂರು ಸಲ? ಈ ಚೀಟಿ ಬಗ್ಗೇನೇ? ಕೊನೇ ಸಲ, ನೀವು ಬರೋ ದಿನ ಚಿತ್ರಾನೇ ತೆಗೆದಿಡೋಕಾಗುತ್ತಾ ಅಂತ ಕೇಳಿದ್ರು?”

ಮೂರನೇ ಮಹಡಿಯಲ್ಲಿ ಸೂಜಿ ಬಿದ್ದಿದ್ದರೆ ಕಾವಲುಗಾರ ಎತ್ತಿಕೊಡುತ್ತಿದ್ದ. ಗ್ಲೆನಿಸ್ ಅಳತೊಡಗಿದಳು. ನೋಲೀನ್ ಗಂಡನ ಕೈ ಹಿಡಿದಳು. ಇದಕ್ಕೆ ಮೊದಲು ಹಿಡಿದಿದ್ದು ಮದುವೆಯ ದಿನ ಎಂದು ತಿಳಿದವರು ಹೇಳುತ್ತಾರೆ.

“ಅಡುಗೆಯವನು ಅಂತ ಬರೆಸಿದಾನೆ,” ಎಂದ ಅರ್ನಿ, ಟೋಪಿಯನ್ನು ಎದೆಗೊತ್ತಿಕೊಂಡು. “ಸೋಪು ಸಾಲ್ಲಿಲ್ಲ ಅಂತ.”

“ಮಕ್ಕಳೇ ಇಲ್ಲ ಅಂತಾನೂ,” ಎಂದರು ಬೆರಿಲ್. “ತನ್ನನ್ನೇ ಅಳಿಸ್ಕೊಂಡಿದಾನೆ.”

“ನಾನು ಬರೆಸಿಲ್ಲ,” ಎಂದ ಕೆಲ್ವಿನ್. “ಅದು ಮೊದಲಿಂದ್ಲೂ ಇತ್ತು. ಅಮ್ಮಾ, ನೀನೇ ಹೇಳು.”

“ಮೊದಲಿಂದ್ಲೂ ಇತ್ತು?” ಎಂದಳು ಇಮೋಜೆನ್. ಆಕೆಯ ವಾಕ್ಯ ಮತ್ತೆ ಮೆಟ್ಟಿಲು ಹತ್ತಿತ್ತು. ಮೂವತ್ತು ಜನಕ್ಕೂ ಅದು ಪ್ರಶ್ನೆಯಾಗಿಯೇ ಕೇಳಿತು.

ಮರಳುವ ದಾರಿಯಲ್ಲಿ ಬಸ್ಸಿನಲ್ಲಿ ಯಾರೂ ಹಾಡಲಿಲ್ಲ. ಕೆಲ್ವಿನ್‌ಗೆ ಮುಂದಿನ ಸೀಟು ಬಿಟ್ಟುಕೊಟ್ಟರು. ಒಂದು ವಿಷಯದಲ್ಲಿ ಮಾತ್ರ ಅವನು ನಿಶ್ಚಿಂತನಾಗಿದ್ದ. ಸತ್ಯವನ್ನು ಹೇಳಿಯೂ ಆಗಿತ್ತು, ಅದರಿಂದ ಕೇಡೂ ಆಗಿರಲಿಲ್ಲ, ಫಲಕ ಗಟ್ಟಿ. ಅಕ್ಷರ ಬರೆಯುವವನು ಪಕ್ಕದ ಊರಿನಿಂದ ಬಂದು ಜಾಗ ಅಳೆದುಕೊಂಡು ಹೋದ. ಕೆಲ್ವಿನ್ ಹೊಸ ಬಿಳಿ ಪ್ಯಾಂಟು ಹೊಲಿಸಿದ. ವಾರ್ಷಿಕ ಸಭೆಯ ದಿನ ಸಾಸೇಜಿಗೆ ಸಾಸು ಹಾಕಿಕೊಳ್ಳಲಿಲ್ಲ.

ಬೆರಿಲ್ ಏಳನೇ ಆಜೀವ ಸದಸ್ಯನ ವಿಷಯವನ್ನು ಸಭೆಯ ಮುಂದಿಟ್ಟರು. ಹೆಸರು ಹೇಳಲಿಲ್ಲ, ಎಲ್ಲರೂ ಫ್ಯಾನು ನೋಡಿದರು.

“ಚಿನ್ನದ ಅಕ್ಷರದಲ್ಲಿ ಹೆಸರು ಬರೆಯೋಣ ಅಂತಿತ್ತು,” ಎಂದರು. “ನಾನೂ ಹಾಗೇ ಅಂದ್ಕೊಂಡಿದ್ದೆ. ಆದ್ರೆ ಯೋಚ್ನೆ ಮಾಡಿ. ಈ ಮನುಷ್ಯ ಮೆಲ್ಬರ್ನಿಗೆ ಮೂರು ಸಲ ಫೋನ್ ಮಾಡಿ ತನ್ನ ಮುತ್ತಜ್ಜನ ಹೆಸರನ್ನೇ ಗೋಡೆಯಿಂದ ತೆಗೆಸಿದಾನೆ. ಅಂಥೋನ ಹೆಸರನ್ನ ನಾವು ಈ ಗೋಡೆ ಮೇಲೆ, ಹೋಗಿ ಬರೋರೆಲ್ಲ ನೋಡೋ ಹಾಗೆ ಬರೆಸೋದು ಅಂದ್ರೆ ಅದು ಮರ್ಯಾದೆಯಾ, ಹಿಂಸೆಯಾ?”

“ಹಿಂಸೆ,” ಎಂದಳು ಗ್ಲೆನಿಸ್.

“ಏಳನೇ ಸಾಲನ್ನ ಖಾಲಿ ಬಿಡೋದು. ಇನ್ಯಾರ ಹೆಸರನ್ನೂ ಅಲ್ಲಿ ಯಾವತ್ತೂ ಬರೀಬಾರದು. ಇದು ನನ್ನ ಠರಾವು.”

ಕೈಗಳು ಎದ್ದವು. ಆಗ ಕೆಲ್ವಿನ್ ಪಾಸ್ಕೊ ಎದ್ದು ನಿಂತ. ಹತ್ತೊಂಬತ್ತು ವರ್ಷ ಕುರ್ಚಿ ಎತ್ತಿದ ಮನುಷ್ಯ ತನ್ನ ಕುರ್ಚಿಯನ್ನು ಹಿಂದಕ್ಕೆ ತಳ್ಳಿದ.

“ನಂಗೆ ಬೇಕು,” ಎಂದ. “ನನ್ನ ಹೆಸರು ಅಲ್ಲಿ ಬೇಕು. ಚಿನ್ನದ ಅಕ್ಷರದಲ್ಲೇ ಬೇಕು. ದೊಡ್ಡದಾಗಿ. ನಾನು ಅದಕ್ಕೆ ಲಾಯಕ್ಕು.”

ಮೊದಲು ಅರ್ನಿ ನಕ್ಕ. ಅವನು ನಕ್ಕಿದ್ದು ನೋಡಿ ಗ್ಲೆನಿಸ್ ನಕ್ಕಳು. ಬೆರಿಲ್ ಓಟ್ಸ್ ಎಪ್ಪತ್ತೆಂಟು ವರ್ಷದಲ್ಲಿ ನಗದಷ್ಟು ನಕ್ಕರು, ಅವರಿಗೆ ನೀರು ಕುಡಿಸಬೇಕಾಯಿತು. ‘ನಾನು ಅದಕ್ಕೆ ಲಾಯಕ್ಕು’ ಎಂಬುದನ್ನು ಈಗಲೂ ಊರಿನ ಮದುವೆಗಳಲ್ಲಿ ಕೆಲ್ವಿನ್‌ನ ಧ್ವನಿಯಲ್ಲೇ ಹೇಳಿ ನಗಿಸುತ್ತಾರೆ. ನಾನೂ ತಕ್ಕಮಟ್ಟಿಗೆ ಹೇಳಬಲ್ಲೆ. ಠರಾವು ಅವಿರೋಧವಾಗಿ ಅಂಗೀಕಾರವಾಯಿತೆಂದು ಕಾರ್ಯದರ್ಶಿ ನಡವಳಿಯಲ್ಲಿ ಬರೆದುಕೊಂಡ.

ಅಕ್ಷರ ಬರೆಯುವವನು ಬಂದು ಆರನೇ ಹೆಸರಿನ ಕೆಳಗೆ ಖಾಲಿ ಜಾಗದ ಸುತ್ತ ಒಂದು ತೆಳುವಾದ ಚಿನ್ನದ ಗೆರೆ ಎಳೆದು ಹೋದ. ಗುರುವಾರ ಗುರುವಾರ ಕೆಲ್ವಿನ್ ಅದನ್ನು ಒರೆಸುತ್ತಾನೆ. ಹೆಸರುಗಳಿಗಿಂತ ಅದಕ್ಕೇ ಹೆಚ್ಚು ಹೊತ್ತು ಹಿಡಿಯುತ್ತದೆ. ಖಾಲಿ ಜಾಗದಲ್ಲಿ ಧೂಳು ಬೇಗ ಕಾಣುತ್ತದೆ.

ಕಳೆದ ವಾರ ಬೇರೆ ಊರಿನ ತಂಡವೊಂದು ಆಡಲು ಬಂದಿತ್ತು, ನಮ್ಮ ವ್ಯಾಕರಣವೇ ಅವರದೂ. ಅವರ ನಾಯಕ ಚಹಾ ಹಿಡಿದು ಫಲಕದ ಮುಂದೆ ನಿಂತ. ಒರೆಸುತ್ತಿದ್ದ ಕೆಲ್ವಿನ್‌ನನ್ನು ಕೇಳಿದ.

“ಏಳನೇದು ಯಾರದ್ದು ಗುರುವೇ, ಹೆಸರೇ ಇಲ್ಲ?”

ಕೆಲ್ವಿನ್ ಬಟ್ಟೆಯನ್ನು ಮಡಿಚಿದ. ಖಾಲಿ ಸಾಲನ್ನು ನೋಡಿದ. ಹೆಬ್ಬೆರಳಿನಿಂದ ಅಂಚಿನ ಒಂದು ಕಣ ಧೂಳು ತೆಗೆದ.

“ನಂದಂತೂ ಅಲ್ಲ,” ಎಂದ. “ಯಾರೋ ಏನೋ.”

ಆ ನಾಯಕ ಕೆಲ್ವಿನ್‌ನ ಕಿವಿಗಳನ್ನೊಮ್ಮೆ ನೋಡಿ, ಕಪ್ಪನ್ನು ನನ್ನ ಕೈಗೆ ಕೊಟ್ಟು, ಟೋಪಿ ತೆಗೆದ.